ದುಡ್ಡು ಖರ್ಚಾಯ್ತು, ಪ್ರಾಣಿಗೆ ಏನಾಯ್ತು? ವನ್ಯಜೀವಿ ಯೋಜನೆಯ ಫಲ ಅಳೆಯುವ ಬಗೆ

ಸರ್ಕಾರದ ದುಡ್ಡಿನಲ್ಲಿ ನಡೆಯುವ ಯಾವುದಾದರೂ ವನ್ಯಜೀವಿ ಯೋಜನೆಯ ವಾರ್ಷಿಕ ವರದಿ ತೆರೆದು ನೋಡಿ. ಇಷ್ಟು ಕಿಲೋಮೀಟರ್ ಬೇಲಿ, ಇಷ್ಟು ನೀರಿನ ಹೊಂಡ, ಇಷ್ಟು ಸಸಿ, ಇಷ್ಟು ಜಾಗೃತಿ ಶಿಬಿರ, ಅನುದಾನ ಪೂರ್ತಿ ಬಳಕೆ. ಕೊನೆಯ ಪುಟ ಮಗುಚಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿದಿರುತ್ತದೆ: ಇದರಿಂದ ಪ್ರಾಣಿಗೆ ಏನಾಯ್ತು?

ಭಾರತದ ಘರಿಯಾಲ್ ಮೊಸಳೆಯ ಕಥೆ ಕೇಳಿ. 1975ರಲ್ಲಿ ಅದನ್ನು ಉಳಿಸುವ ಕೆಲಸ ಶುರುವಾಯಿತು. ನದಿ ದಂಡೆಯಿಂದ ಮೊಟ್ಟೆ ತಂದು, ಮರಿ ಮಾಡಿಸಿ, ಒಂದಿಷ್ಟು ಬೆಳೆಸಿ ಮತ್ತೆ ನದಿಗೆ ಬಿಡುವುದು. ಹೀಗೆ ಸಾವಿರಾರು ಮರಿಗಳನ್ನು ಬಿಟ್ಟರು. ಬಿಟ್ಟ ಮರಿಗಳ ಲೆಕ್ಕ ನೋಡಿದವರಿಗೆ ಯೋಜನೆ ಗೆದ್ದ ಹಾಗೇ ಕಂಡಿತು. ಆದರೆ ನದಿಗಳಲ್ಲಿದ್ದ ಪ್ರಾಯದ ಘರಿಯಾಲ್‌ಗಳ ಅಂದಾಜು 1997ರಲ್ಲಿ 436 ಇದ್ದದ್ದು 2006ಕ್ಕೆ 182ಕ್ಕೆ ಇಳಿದಿತ್ತು. ಮರುವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಮರಿ ಬಿಡುವ ಕೆಲಸದಲ್ಲಿ ದೋಷವಿರಲಿಲ್ಲ. ನದಿಯಲ್ಲಿ ಬಲೆ ಇತ್ತು, ಮರಳು ತೆಗೆಯುತ್ತಿದ್ದರು, ನೀರು ಕಡಿಮೆಯಾಗಿತ್ತು. ಬಿಟ್ಟ ಮರಿ ಬದುಕಿ ಮೊಟ್ಟೆ ಇಡುತ್ತಿದೆಯಾ ಅನ್ನುವುದು ವರದಿಯ ಮೊದಲ ಸಾಲಾಗಬೇಕಿತ್ತು.

ಈ ಲೇಖನ ಅಂಥ ಮೊದಲ ಸಾಲನ್ನು ಬರೆಯಬೇಕಾದವರಿಗೆ. ನೀವು ಯೋಜನೆ ನಡೆಸುವವರಾಗಿರಬಹುದು, ಲೆಕ್ಕ ತಪಾಸಣೆಗೆ ಬಂದವರಾಗಿರಬಹುದು, ವರದಿಗಾರರಾಗಿರಬಹುದು. ಸುಮ್ನೆ ತೆರಿಗೆ ಕಟ್ಟುವವರೂ ಆಗಿರಬಹುದು. ಕ್ರಮ ಎಲ್ಲರಿಗೂ ಒಂದೇ.

ಹೆಜ್ಜೆ 1: ಗುರಿಯನ್ನು ಅಳೆಯಲು ಬರುವ ಹಾಗೆ ಬರೆಯಿರಿ

"ಜೀವವೈವಿಧ್ಯ ಸಂರಕ್ಷಣೆಯನ್ನು ಬಲಪಡಿಸುವುದು" ಅಂತ ಬರೆದರೆ ಯಾರೂ ಸೋಲುವುದಿಲ್ಲ, ಯಾರೂ ಗೆಲ್ಲುವುದೂ ಇಲ್ಲ. ಯಾವ ಪ್ರಾಣಿ, ಯಾವ ಜಾಗ, ಏನು ಬದಲಾಗಬೇಕು, ಎಷ್ಟು, ಯಾವ ವರ್ಷದೊಳಗೆ? ಇಷ್ಟೂ ಒಂದೇ ವಾಕ್ಯದಲ್ಲಿ ಬರಬೇಕು. "ಈ ಜೌಗಿನಲ್ಲಿ ಗೂಡು ಕಟ್ಟುವ ಕೊಕ್ಕರೆಗಳ ಗೂಡುಗಳಲ್ಲಿ ಮರಿ ಹಾರುವ ಪ್ರಮಾಣ ಐದು ವರ್ಷದಲ್ಲಿ ನೂರಕ್ಕೆ 20ರಿಂದ 35 ಆಗಬೇಕು." ಇದನ್ನು ಅಳೆಯಬಹುದು. ದಾಖಲೆಯಲ್ಲಿ ಇಂಥ ವಾಕ್ಯ ಸಿಗದಿದ್ದರೆ ಅದೇ ನಿಮ್ಮ ಮೊದಲ ಟಿಪ್ಪಣಿ.

ಹೆಜ್ಜೆ 2: ದುಡ್ಡಿನಿಂದ ಪ್ರಾಣಿಯವರೆಗಿನ ಸರಪಳಿ ಬಿಡಿಸಿ

ಒಂದು ಹಾಳೆ ತಗೊಳ್ಳಿ. ಎಡಗಡೆ ಹಣ, ಬಲಗಡೆ ಪ್ರಾಣಿ. ನಡುವೆ ಒಂದೊಂದೇ ಕೊಂಡಿ ಬರೆಯುತ್ತಾ ಹೋಗಿ. ಹಣದಿಂದ ಏನು ಕೆಲಸ ಆಗುತ್ತದೆ, ಆ ಕೆಲಸದಿಂದ ಯಾರ ನಡವಳಿಕೆ ಬದಲಾಗುತ್ತದೆ, ಅದರಿಂದ ಯಾವ ಅಪಾಯ ಕಡಿಮೆಯಾಗುತ್ತದೆ, ಅಪಾಯ ಕಡಿಮೆಯಾದರೆ ಪ್ರಾಣಿ ಹೇಗೆ ಹೆಚ್ಚುತ್ತದೆ. ಪ್ರತಿ ಕೊಂಡಿಯ ಕೆಳಗೂ "ಇದು ನಿಜವಾಗಿ ಆಯ್ತಾ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಬರೆದುಕೊಳ್ಳಿ.

ಮೆಕ್ಸಿಕೊದ ವಕೀಟಾ ಉದಾಹರಣೆಗೆ ಈ ಸರಪಳಿ ಹಾಕಿ ನೋಡೋಣ. ಇದು ಕ್ಯಾಲಿಫೋರ್ನಿಯಾ ಕೊಲ್ಲಿಯ ಉತ್ತರ ತುದಿಯಲ್ಲಿ ಮಾತ್ರ ಇರುವ, ಡಾಲ್ಫಿನ್‌ಗೆ ಹತ್ತಿರದ ಸಂಬಂಧಿಯಾದ ಪುಟ್ಟ ಕಡಲ ಪ್ರಾಣಿ. ಮೀನಿಗೆಂದು ನೀರಿನಲ್ಲಿ ಗೋಡೆಯ ಹಾಗೆ ಇಳಿಬಿಟ್ಟ ಗಿಲ್‌ನೆಟ್ ಬಲೆಗೆ ಸಿಕ್ಕಿ, ಮೇಲೆ ಬಂದು ಉಸಿರಾಡಲಾಗದೆ ಸಾಯುತ್ತದೆ. 2015ರಲ್ಲಿ ಸರ್ಕಾರ ಆ ಭಾಗದಲ್ಲಿ ಗಿಲ್‌ನೆಟ್ ನಿಲ್ಲಿಸಿ ಮೀನುಗಾರರಿಗೆ ಪರಿಹಾರ ಕೊಟ್ಟಿತು. ಸರಪಳಿಯ ಮೊದಲ ಕೊಂಡಿಗಳೇನೋ ಕೂಡಿದವು: ಹಣ ಹೋಯ್ತು, ಆದೇಶ ಬಂತು. ಆದರೆ ಟೊಟೊಆಬಾ ಅನ್ನುವ ದೊಡ್ಡ ಮೀನಿನ ಗಾಳಿಚೀಲಕ್ಕೆ ಕಳ್ಳಸಂತೆಯಲ್ಲಿ ಭಾರಿ ಬೆಲೆ. ಅದಕ್ಕಾಗಿ ಕದ್ದು ಬಲೆ ಹಾಕುವುದು ನಿಲ್ಲಲಿಲ್ಲ. ನೀರಿನಲ್ಲಿ ಬಲೆ ಇತ್ತು, ಅಂದರೆ ಅಪಾಯದ ಕೊಂಡಿ ಹಾಗೇ ಇತ್ತು. 2014ರಲ್ಲಿ ಸುಮಾರು 97 ಅಂತ ಅಂದಾಜಿಸಿದ್ದ ಸಂಖ್ಯೆ 2016ರ ಕೊನೆಗೆ ಸುಮಾರು 30.

ಪರಿಹಾರ ಎಷ್ಟು ಮಂದಿಗೆ ಮುಟ್ಟಿತು ಅಂತ ಮಾತ್ರ ಎಣಿಸಿದ್ದರೆ ಈ ಕುಸಿತ ತಿಳಿಯುತ್ತಲೇ ಇರಲಿಲ್ಲ. ತಿಳಿದದ್ದು ಸಮುದ್ರದಡಿ ಸಾಲಾಗಿ ಇಟ್ಟಿದ್ದ ಧ್ವನಿಗ್ರಾಹಕಗಳಿಂದ. ವಕೀಟಾ ದಾರಿ ಹುಡುಕಲು ಹೊರಡಿಸುವ ಟಿಕ್ ಟಿಕ್ ಶಬ್ದವನ್ನು ಅವು ದಾಖಲಿಸುತ್ತಿದ್ದವು. ವರ್ಷದಿಂದ ವರ್ಷಕ್ಕೆ ಆ ಶಬ್ದ ಕಡಿಮೆಯಾಗುತ್ತಾ ಹೋಯಿತು. ಅಳತೆ ತನ್ನ ಕೆಲಸ ಮಾಡಿತ್ತು, ಯೋಜನೆ ಮಾಡಿರಲಿಲ್ಲ.

ಇನ್ನೊಂದು ಸಣ್ಣ ಉದಾಹರಣೆ. ಬ್ರಿಟನ್ನಿನಲ್ಲಿ ಹೊಸ ರಸ್ತೆ ಮಾಡುವಾಗ ಬಾವಲಿಗಳು ವಾಹನಕ್ಕೆ ಸಿಗದಿರಲಿ ಅಂತ ರಸ್ತೆ ಮೇಲೆ ಎತ್ತರಕ್ಕೆ ತಂತಿಯ ಸೇತುವೆ ಕಟ್ಟಿದರು. ಅದನ್ನು ಹಿಡಿದು ಅವು ಮೇಲಿಂದ ಹಾರಿ ಹೋಗುತ್ತವೆ ಅನ್ನುವುದು ನಂಬಿಕೆ. 2012ರಲ್ಲಿ ಸಂಶೋಧಕರು ಕೂತು ನೋಡಿದಾಗ ಬಾವಲಿಗಳು ಹೆಚ್ಚಾಗಿ ತಮ್ಮ ಹಳೇ ದಾರಿಯಲ್ಲೇ, ವಾಹನದ ಎತ್ತರದಲ್ಲೇ ದಾಟುತ್ತಿದ್ದವು. ಸೇತುವೆ ಕಟ್ಟಿದ್ದು ಕೆಲಸ. ಬಾವಲಿ ಅದನ್ನು ಬಳಸುತ್ತದೆ ಅನ್ನುವುದು ಬರೀ ಊಹೆ. ಇಂಥ ಊಹೆಗಳನ್ನು ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಅಳತೆಯ ಹಣದಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗಬೇಕು.

ಹೆಜ್ಜೆ 3: ಕೆಲಸ ಶುರುವಾಗುವ ಮುಂಚೆ ಒಮ್ಮೆ ಅಳೆಯಿರಿ

ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಮುಂಚಿನ ಅಂಕಿ ಇಲ್ಲದಿದ್ದರೆ ಆಮೇಲಿನ ಅಂಕಿಗೆ ಅರ್ಥವಿಲ್ಲ. ಒಂದೇ ವರ್ಷದ ಅಳತೆ ಸಾಲದು. ಮಳೆ ಚೆನ್ನಾಗಿ ಬಿದ್ದ ವರ್ಷ ಮರಿಗಳು ಜಾಸ್ತಿ, ಬರದ ವರ್ಷ ಕಡಿಮೆ. ಬರದ ವರ್ಷವನ್ನೇ "ಮುಂಚೆ" ಅಂತ ಹಿಡಿದರೆ ಯಾವ ಯೋಜನೆಯಾದರೂ ಗೆಲ್ಲುತ್ತದೆ. ಎರಡು ಮೂರು ವರ್ಷದ ಅಂಕಿ ಇದ್ದರೆ ಒಳ್ಳೆಯದು. ಅನುದಾನ ಈ ಮಾರ್ಚಿಗೇ ಮುಗಿಯಬೇಕು ಅನ್ನುವ ಅವಸರದಲ್ಲಿ ಈ ಹೆಜ್ಜೆಯೇ ಮೊದಲು ಹಾರಿಹೋಗುತ್ತದೆ.

ಹೆಜ್ಜೆ 4: ಎಣಿಸುವ ವಿಧಾನವನ್ನು ಅನುಮಾನದಿಂದ ನೋಡಿ

ಕಾಡಿನಲ್ಲಿ ಕಂಡದ್ದಷ್ಟೇ ಇರುವುದಲ್ಲ. ಹತ್ತು ಜಿಂಕೆ ಕಂಡವು ಅಂದರೆ ಹತ್ತೇ ಇವೆ ಅಂತ ಹೇಳಲಾಗದು. ಕಾಣದೆ ಹೋದವು ಎಷ್ಟು ಅಂತ ಅಂದಾಜು ಮಾಡುವ ವಿಧಾನ ಮಾತ್ರ ನಂಬಿಕೆಗೆ ಯೋಗ್ಯ.

1973ರಲ್ಲಿ ಶುರುವಾದ ಭಾರತದ ಹುಲಿ ಯೋಜನೆಯಲ್ಲಿ ದಶಕಗಳ ಕಾಲ ಹೆಜ್ಜೆ ಗುರುತಿನಿಂದ ಗಣತಿ ನಡೆಯುತ್ತಿತ್ತು. ಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆದುಕೊಳ್ಳುವುದು, ಪ್ಲಾಸ್ಟರ್ ಅಚ್ಚು ತೆಗೆಯುವುದು, ಇದು ಇಂಥ ಹುಲಿ ಅಂತ ಕಣ್ಣಂದಾಜಿನಲ್ಲಿ ತೀರ್ಮಾನಿಸುವುದು. ಅದೇ ಹುಲಿ ಕೆಸರಿನಲ್ಲಿ ಇಟ್ಟ ಹೆಜ್ಜೆಗೂ ದೂಳಿನಲ್ಲಿ ಇಟ್ಟ ಹೆಜ್ಜೆಗೂ ಅಳತೆ ಬೇರೆ ಬರುತ್ತದೆ. ರಾಜಸ್ಥಾನದ ಸರಿಸ್ಕಾ ಹುಲಿ ಮೀಸಲು ಪ್ರದೇಶದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. ಕಾಡಿನಲ್ಲಿ ಒಂದೂ ಉಳಿದಿಲ್ಲ ಅನ್ನುವುದು 2005ರಲ್ಲಿ ಬಯಲಾಯಿತು.

ಆಮೇಲೆ ದೇಶದ ಗಣತಿಗೆ ಬಂದದ್ದು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ನಾಗರಹೊಳೆಯಲ್ಲಿ ಇದನ್ನು ಮಾಡಿ ತೋರಿಸಿದ್ದರು. ಪ್ರತಿ ಹುಲಿಯ ಪಟ್ಟೆ ಬೇರೆ. ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆ ಇರುವುದಿಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುವುದು. ಒಂದು ಮೈ ಮಾತ್ರ ಸಿಕ್ಕಿದರೆ ಒಂದೇ ಹುಲಿ ಎರಡಾಗಿ ಲೆಕ್ಕಕ್ಕೆ ಬರಬಹುದು.

ಇದರ ಹಿಂದಿನ ಲೆಕ್ಕ ಸರಳ. ಮೊದಲ ಸುತ್ತಿನಲ್ಲಿ 12 ಹುಲಿಗಳ ಫೋಟೊ ಸಿಕ್ಕಿತು ಅನ್ನಿ. ಎರಡನೇ ಸುತ್ತಿನಲ್ಲಿ 10. ಆ ಹತ್ತರಲ್ಲಿ 6 ಮೊದಲೇ ಕಂಡಿದ್ದವು. ಅಂದರೆ ಎರಡನೇ ಸುತ್ತಿನಲ್ಲಿ ನೂರಕ್ಕೆ 60 ಹಳಬರು. ಹಾಗಾದರೆ ಮೊದಲ ಸುತ್ತಿನ 12 ಅನ್ನುವುದು ಒಟ್ಟಿನ ನೂರಕ್ಕೆ 60ರಷ್ಟು. ಒಟ್ಟು ಸುಮಾರು 20. ಕಂಡವು ಎರಡೂ ಸುತ್ತು ಸೇರಿ 16, ಇರುವವು ಇಪ್ಪತ್ತರ ಸುತ್ತಮುತ್ತ. ಈಗ ಬಳಸುವ ಲೆಕ್ಕ ಇದಕ್ಕಿಂತ ಸೂಕ್ಷ್ಮ, ಆದರೆ ಬುಡ ಇದೇ. "ಸುತ್ತಮುತ್ತ" ಎಷ್ಟು ಅನ್ನುವುದನ್ನೂ ಕೇಳಿ. 16ರಿಂದ 27ರ ನಡುವೆ ಅಂತ ಬರೆದ ವರದಿಯನ್ನು ನಾನು ಬರೀ "20" ಅಂತ ಬರೆದದ್ದಕ್ಕಿಂತ ಜಾಸ್ತಿ ನಂಬುತ್ತೇನೆ.

ವಿಧಾನ ಸರಿಯಿದ್ದರೂ ಜಾಗ ಬದಲಾದರೆ ಹೋಲಿಕೆ ಕೆಡುತ್ತದೆ. ಭಾರತದ ಹುಲಿ ಅಂದಾಜು 2006ರಲ್ಲಿ 1411, 2010ರಲ್ಲಿ 1706. ನೋಡಿದರೆ 295 ಹೆಚ್ಚು. ಆದರೆ 2006ರಲ್ಲಿ ಸುಂದರಬನ ಲೆಕ್ಕಕ್ಕೆ ಸೇರಿರಲಿಲ್ಲ. 2010ರಲ್ಲಿ ಸೇರಿತು, ಅಲ್ಲಿನ 70 ಹುಲಿಗಳ ಜೊತೆ. ಅದನ್ನು ಕಳೆದರೆ ಹೆಚ್ಚಳ 225. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಅಧಿಕೃತ ವರದಿಯಲ್ಲೇ ಇತ್ತು. ತಲೆಬರಹದಲ್ಲಿ ಇರಲಿಲ್ಲ ಅಷ್ಟೇ.

ಪ್ರಾಣಿಯ ಬದಲು ಅಪಾಯವನ್ನು ಎಣಿಸುವಾಗಲೂ ಹೀಗೇ. ಹೋದ ವರ್ಷ ಗಸ್ತು ಸಿಬ್ಬಂದಿ 400 ಕಿಲೋಮೀಟರ್ ನಡೆದು 20 ಉರುಳು ಕಿತ್ತರು. ಈ ವರ್ಷ 1200 ಕಿಲೋಮೀಟರ್ ನಡೆದು 36 ಕಿತ್ತರು. ಉರುಳು ಜಾಸ್ತಿಯಾಯ್ತಾ? ನೂರು ಕಿಲೋಮೀಟರಿಗೆ ಲೆಕ್ಕ ಹಾಕಿದರೆ 5 ಇದ್ದದ್ದು 3ಕ್ಕೆ ಇಳಿದಿದೆ. ಇಷ್ಟಕ್ಕೇ ಖುಷಿಪಡಬೇಡಿ. ಗಸ್ತು ದಿನಾ ಒಂದೇ ದಾರಿಯಲ್ಲಿ ಹೋದರೆ ಬೇಟೆಗಾರ ಪಕ್ಕದ ಹಳ್ಳಕ್ಕೆ ಹೋಗಿರುತ್ತಾನೆ. ಅದಕ್ಕೇ ಕೆಲವು ದಾರಿಗಳನ್ನು ಚೀಟಿ ಎತ್ತಿದ ಹಾಗೆ ಆಯ್ದು, ಅಳತೆಗೆಂದೇ ಇಡಬೇಕು. ಬೆಳೆಹಾನಿ ಅರ್ಜಿಗಳೂ ಅಷ್ಟೇ. ಪರಿಹಾರದ ಮೊತ್ತ ಏರಿಸಿದರೆ, ಅರ್ಜಿ ಹಾಕುವುದು ಸುಲಭವಾದರೆ ಅರ್ಜಿ ಹೆಚ್ಚುತ್ತವೆ. ಆನೆ ಹೆಚ್ಚು ಬಂದಿರಬೇಕೆಂದಿಲ್ಲ.

ಹೆಜ್ಜೆ 5: ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಕೇಳಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಯೋಜನೆ ಬಂತು, ಪ್ರಾಣಿ ಹೆಚ್ಚಾಯ್ತು. ಯೋಜನೆಯಿಂದಲೇ ಹೆಚ್ಚಾಯ್ತಾ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು, ಅಲ್ವಾ? ಮಳೆ ಚೆನ್ನಾಗಿತ್ತು, ಪಕ್ಕದ ಗಣಿ ಮುಚ್ಚಿತು, ಊರವರು ಪಟ್ಟಣಕ್ಕೆ ಹೋದರು. ಕಾರಣ ಹತ್ತಿರಬಹುದು. ತಿರುಗುಮುರುಗಾಗಿಯೂ ಯೋಚಿಸಿ: ಪ್ರಾಣಿ ಕಡಿಮೆಯಾಗಿದ್ದರೂ ಯೋಜನೆ ಗೆದ್ದಿರಬಹುದು. ಅದು ಇಲ್ಲದಿದ್ದರೆ ಪೂರ್ತಿ ಅಳಿದೇ ಹೋಗುತ್ತಿತ್ತೇನೋ.

ಕೋಸ್ಟರಿಕಾದ ಸಂರಕ್ಷಿತ ಕಾಡುಗಳ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಬಂತು. ಸಂರಕ್ಷಿತ ಕಾಡಿನಲ್ಲಿ ಮರ ಉಳಿದಿದೆ, ಹೊರಗೆ ಕಡಿದಿದ್ದಾರೆ, ಹಾಗಾಗಿ ಸಂರಕ್ಷಣೆ ಫಲ ಕೊಟ್ಟಿದೆ ಅನ್ನುವುದು ಅಲ್ಲಿಯವರೆಗಿನ ಲೆಕ್ಕ. ಆದರೆ ಸಂರಕ್ಷಿತ ಅಂತ ಘೋಷಿಸಿದ ಜಾಗಗಳು ಬಹುಮಟ್ಟಿಗೆ ಕಡಿದಾದ, ರಸ್ತೆಯಿಂದ ದೂರದ, ಬೇಸಾಯಕ್ಕೆ ಬಾರದ ನೆಲ. ಅಲ್ಲಿ ಹೇಗೂ ಯಾರೂ ಮರ ಕಡಿಯುತ್ತಿರಲಿಲ್ಲ. ಸಂಶೋಧಕರು ಅಂಥದ್ದೇ ಇಳಿಜಾರು, ಅಷ್ಟೇ ದೂರ, ಅದೇ ಬಗೆಯ ಮಣ್ಣಿನ, ಸಂರಕ್ಷಣೆ ಇಲ್ಲದ ಜಾಗಗಳನ್ನು ಹುಡುಕಿ ಜೋಡಿ ಮಾಡಿ ನೋಡಿದರು. ಸಂರಕ್ಷಣೆಯಿಂದ ನಿಜವಾಗಿ ಉಳಿದದ್ದು ಆ ಕಾಡಿನ ನೂರಕ್ಕೆ ಸುಮಾರು ಹತ್ತು ಪಾಲು. ಹಳೆಯ ಲೆಕ್ಕ ಫಲವನ್ನು ಶೇ 65ಕ್ಕೂ ಹೆಚ್ಚು ಉಬ್ಬಿಸಿ ತೋರಿಸಿತ್ತು. ಫಲ ಸೊನ್ನೆಯಲ್ಲ, ಗಮನಿಸಿ. ಆದರೆ ಅದೇ ದುಡ್ಡನ್ನು ರಸ್ತೆ ಬದಿಯ ಕಾಡಿಗೆ ಹಾಕಿದ್ದರೆ ಜಾಸ್ತಿ ಉಳಿಯುತ್ತಿತ್ತೇನೋ ಅನ್ನುವ ಪ್ರಶ್ನೆಯನ್ನು ಈ ಲೆಕ್ಕ ಮುಂದಿಡುತ್ತದೆ.

ನೀವು ಮಾಡಬೇಕಾದದ್ದೂ ಅದೇ. ಯೋಜನೆಯ ಜಾಗದ ಥರದ್ದೇ ಇನ್ನೊಂದು ಜಾಗ ಹುಡುಕಿ. ಎರಡು ಮೂರು ಸಿಕ್ಕಿದರೆ ಇನ್ನೂ ಒಳ್ಳೆಯದು. ಮಳೆ, ಮಣ್ಣು, ಊರಿನಿಂದ ದೂರ, ಮುಂಚಿನ ಪ್ರಾಣಿ ಸಂಖ್ಯೆ ಇವೆಲ್ಲ ಆದಷ್ಟು ಹೊಂದಬೇಕು. ಎರಡೂ ಕಡೆ ಮುಂಚೆ ಅಳೆಯಿರಿ, ಆಮೇಲೆ ಅಳೆಯಿರಿ. ಗೂಡಿನ ಉದಾಹರಣೆಗೆ ಬರೋಣ. ಯೋಜನೆಯ ಜೌಗಿನಲ್ಲಿ ಮರಿ ಹಾರುವ ಗೂಡುಗಳು ನೂರಕ್ಕೆ 20ರಿಂದ 35 ಆದವು, 15 ಹೆಚ್ಚು. ಯೋಜನೆ ಇಲ್ಲದ ಜೌಗಿನಲ್ಲಿ 22ರಿಂದ 30, ಅಲ್ಲೂ 8 ಹೆಚ್ಚು. ಆ ಎಂಟು ಒಳ್ಳೇ ಮಳೆಯ ಪಾಲು ಅನ್ನಿ. ಯೋಜನೆಯ ಪಾಲು 15ರಲ್ಲಿ 8 ಕಳೆದು ಉಳಿದ 7.

ಮುಂಚಿನ ಅಳತೆಯಿಲ್ಲದೆ ಬರೀ ಅಕ್ಕಪಕ್ಕ ಹೋಲಿಸಿದರೆ ತೊಡಕಿದೆ. ನೆದರ್ಲೆಂಡ್ಸಿನಲ್ಲಿ ಹಕ್ಕಿ ಮತ್ತು ಸಸ್ಯಗಳಿಗೆ ಅನುಕೂಲವಾಗುವ ಹಾಗೆ ಬೇಸಾಯ ಮಾಡುವ ರೈತರಿಗೆ ಸರ್ಕಾರ ಹಣ ಕೊಡುತ್ತಿತ್ತು. 2001ರ ಅಧ್ಯಯನವೊಂದು ಹಣ ಪಡೆದ ಹೊಲವನ್ನೂ ಹತ್ತಿರದ ಸಾಮಾನ್ಯ ಹೊಲವನ್ನೂ ಜೋಡಿ ಜೋಡಿಯಾಗಿ ನೋಡಿತು. ಸಸ್ಯಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುಲ್ಲುಗಾವಲಿನಲ್ಲಿ ಗೂಡು ಕಟ್ಟುವ ಉದ್ದಕಾಲಿನ ಸಾಮಾನ್ಯ ಹಕ್ಕಿಗಳು ಹಣ ಪಡೆದ ಹೊಲದಲ್ಲೇ ಕಡಿಮೆ ಕಂಡವು. ಯುರೋಪಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆದರೆ ಆ ಹೊಲಗಳು ಮೊದಲಿನಿಂದಲೇ ಬೇರೆ ಥರ ಇದ್ದವೇನೋ ಅನ್ನುವುದಕ್ಕೆ ಆ ಅಂಕಿಗಳಲ್ಲಿ ಉತ್ತರವಿಲ್ಲ. ಮೂರನೇ ಹೆಜ್ಜೆ ಹಾರಿದ್ದರ ಬೆಲೆ ಇದು.

ಯೋಜನೆ ನಡೆಸುವವರು ನೀವೇ ಆಗಿದ್ದರೆ ಇನ್ನೊಂದು ಸುಲಭ ದಾರಿ ಇದೆ. ಹಣ ಹೇಗೂ ಒಂದೇ ವರ್ಷದಲ್ಲಿ ಎಲ್ಲ ವಲಯಗಳಿಗೂ ಸಾಲುವುದಿಲ್ಲ. ಯಾವ ವಲಯಕ್ಕೆ ಮೊದಲು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಮೊದಲು ಸಿಕ್ಕ ವಲಯಗಳನ್ನು ಕಾಯುತ್ತಿರುವ ವಲಯಗಳ ಜೊತೆ ಹೋಲಿಸಿ. ಕಡೆಗೆ ಎಲ್ಲರಿಗೂ ಹಣ ಸಿಗುತ್ತದೆ, ಯಾರಿಗೂ ಅನ್ಯಾಯವಿಲ್ಲ.

ಜಗತ್ತಿನಲ್ಲೇ ಒಂದೇ ಕಡೆ ಇರುವ ಪ್ರಾಣಿಗೆ ಹೋಲಿಕೆಯ ಜಾಗ ಸಿಗುವುದಿಲ್ಲ. ಆಗ ಹಿಂದಿನ ವರ್ಷಗಳ ಇಳಿಕೆಯ ಗೆರೆಯನ್ನು ಮುಂದಕ್ಕೆ ಎಳೆದು, ಅದರ ಜೊತೆ ಹೋಲಿಸಬೇಕು. ಇದು ದುರ್ಬಲ ಸಾಕ್ಷಿ. ದುರ್ಬಲ ಅಂತ ವರದಿಯಲ್ಲಿ ಬರೆದರೆ ಸಾಕು.

ಹೆಜ್ಜೆ 6: ಪ್ರಾಣಿಯ ಕಾಲಕ್ಕೆ ತಕ್ಕ ಹಾಗೆ ಕಾಯಿರಿ, ಊರುಗೋಲು ತೆಗೆದು ನೋಡಿ

ಮೂರು ವರ್ಷದ ಅನುದಾನ, ಮೂರನೇ ವರ್ಷ ಅಂತಿಮ ವರದಿ. ಪ್ರಾಣಿಗೆ ಈ ಲೆಕ್ಕ ಗೊತ್ತಿಲ್ಲ. ಇಲಿ, ಕಪ್ಪೆಗಳಲ್ಲಿ ಮೂರು ವರ್ಷಕ್ಕೆ ಬದಲಾವಣೆ ಕಾಣಬಹುದು. ಆನೆ, ಮೊಸಳೆ, ರಣಹದ್ದುಗಳಲ್ಲಿ ಮರಿಯೇ ಇನ್ನೂ ಪ್ರಾಯಕ್ಕೆ ಬಂದಿರುವುದಿಲ್ಲ. ಅಂಥಲ್ಲಿ ಮೂರನೇ ವರ್ಷಕ್ಕೆ ಮರಿ ಬದುಕುಳಿಯುವ ಪ್ರಮಾಣ ಮತ್ತು ಅಪಾಯ ತಗ್ಗಿದ್ದನ್ನು ಅಳೆಯಿರಿ. ಸಂಖ್ಯೆಯನ್ನು ಹತ್ತನೇ ವರ್ಷಕ್ಕೆ ಇಡಿ, ಅದಕ್ಕೆ ಬೇಕಾದ ಹಣವನ್ನು ಈಗಲೇ ತೆಗೆದಿಡಿ.

ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನುವ ರಣಹದ್ದು 1987ರಲ್ಲಿ ಜಗತ್ತಿನಲ್ಲಿ 27 ಮಾತ್ರ ಉಳಿದಿತ್ತು. ಎಲ್ಲವನ್ನೂ ಹಿಡಿದು ಸಾಕಿ, ಮರಿ ಮಾಡಿಸಿ, ಮತ್ತೆ ಬಿಟ್ಟರು. ಈಗ ಸಾಕಿದವು, ಕಾಡಿನವು ಸೇರಿ 500ಕ್ಕೂ ಹೆಚ್ಚು. ಅಳಿದೇ ಹೋಗುತ್ತಿದ್ದ ಹಕ್ಕಿ ಉಳಿಯಿತು, ಅದು ದೊಡ್ಡ ಮಾತು. ಆದರೆ ಬೇಟೆಗಾರರ ಗುಂಡಿನ ಸೀಸ ಸತ್ತ ಪ್ರಾಣಿಯ ಮಾಂಸದ ಮೂಲಕ ಇವುಗಳ ಹೊಟ್ಟೆ ಸೇರುತ್ತದೆ. ಕಾಡಿನ ಕಾಂಡೋರ್‌ಗಳ ಸಾವಿಗೆ ಇವತ್ತಿಗೂ ದೊಡ್ಡ ಕಾರಣ ಅದೇ. ಆದ್ದರಿಂದ ಒಟ್ಟು ಸಂಖ್ಯೆಯ ಜೊತೆಗೆ ಇನ್ನೊಂದು ಅಂಕಿ ಕೇಳಬೇಕು: ಊರುಗೋಲಿನ ಹಾಗೆ ಹೊಸದಾಗಿ ಬಿಟ್ಟವನ್ನು ಲೆಕ್ಕದಿಂದ ತೆಗೆದರೆ, ಕಾಡಿನಲ್ಲೇ ಹುಟ್ಟಿದವು ಸತ್ತವಕ್ಕಿಂತ ಜಾಸ್ತಿ ಇವೆಯಾ?

ಸ್ಪೇನ್, ಪೋರ್ಚುಗಲ್‌ನ ಐಬೀರಿಯನ್ ಲಿಂಕ್ಸ್ ಕಾಡುಬೆಕ್ಕಿನ ಕೆಲಸದಲ್ಲಿ ಈ ಎಚ್ಚರ ಕಾಣುತ್ತದೆ. ಯುರೋಪಿಯನ್ ಒಕ್ಕೂಟದ ಹಣವೂ ಸೇರಿದ ಈ ಯೋಜನೆಯಲ್ಲಿ ಬೆಕ್ಕುಗಳ ಜೊತೆಗೆ ಅವುಗಳ ಮುಖ್ಯ ಆಹಾರವಾದ ಮೊಲಗಳತ್ತಲೂ, ರಸ್ತೆ ಸಾವುಗಳತ್ತಲೂ ಗಮನವಿಟ್ಟರು. ಪ್ರಾಯದ ಬೆಕ್ಕುಗಳು 2001ರಲ್ಲಿ 62 ಇದ್ದವು, 2022ಕ್ಕೆ 648 ಆದವು. ಅಪಾಯದ ಪಟ್ಟಿಯಲ್ಲಿ ಅದನ್ನು ಒಂದು ಮೆಟ್ಟಿಲು ಇಳಿಸಿದ್ದು 2024ರಲ್ಲಿ. ಎರಡು ದಶಕಕ್ಕೂ ಜಾಸ್ತಿ ಹಿಡಿಯಿತು.

ಹೆಜ್ಜೆ 7: ಖರ್ಚನ್ನು ಫಲದಿಂದ ಭಾಗಿಸಿ

ಯೋಜನೆಯ ಜೌಗಿನಲ್ಲಿ ಒಟ್ಟು 200 ಗೂಡು ಅನ್ನಿ. ನೂರಕ್ಕೆ 35ರಂತೆ 70 ಗೂಡಿನಿಂದ ಮರಿ ಹಾರಿದವು. ವರದಿ ಒಟ್ಟು ಖರ್ಚನ್ನು ಎಪ್ಪತ್ತರಿಂದ ಭಾಗಿಸಿ "ಒಂದು ಗೂಡಿಗೆ ಇಷ್ಟೇ ಖರ್ಚು" ಅನ್ನುತ್ತದೆ. ಯೋಜನೆಯ ಪಾಲು ನೂರಕ್ಕೆ 7, ಅಂದರೆ 14 ಗೂಡು. ಹದಿನಾಲ್ಕರಿಂದ ಭಾಗಿಸಿದರೆ ಖರ್ಚು ಐದು ಪಟ್ಟು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಾ, ಅಥವಾ ಅಷ್ಟು ಕೊಟ್ಟರೂ ಸರಿಯೇ ಅನ್ನುವುದು ಬೇರೆ ದಾರಿಗಳ ಖರ್ಚಿನ ಜೊತೆ ಹೋಲಿಸಿದ ಮೇಲೆ ಗೊತ್ತಾಗುತ್ತದೆ.

ಖರ್ಚಿನ ಸಾಲಿಗೆ ಸಂಬಳ, ವಾಹನ, ದುರಸ್ತಿ ಎಲ್ಲವನ್ನೂ ಸೇರಿಸಿ. ಕಾಡಂಚಿನ ಜನ ಕಳೆದುಕೊಂಡ ಬೆಳೆ, ಮೇವು, ದುಡಿಮೆಯ ದಿನಗಳು ಸರ್ಕಾರದ ಖಾತೆಯಲ್ಲಿ ಕಾಣುವುದಿಲ್ಲ. ಅವನ್ನು ಪಕ್ಕದಲ್ಲೇ ಬರೆದು ತೋರಿಸಿ. ಬೇಟೆ ಅಥವಾ ದನ ಮೇಯಿಸುವುದು ಪಕ್ಕದ ಕಾಡಿಗೆ ಸರಿದಿದ್ದರೆ ಆ ನಷ್ಟವನ್ನೂ ಫಲದಿಂದ ಕಳೆಯಬೇಕು.

"ಸಂರಕ್ಷಣೆಗೆ ಇಟ್ಟ ಹಣ" ಅನ್ನುವ ಮೊತ್ತವನ್ನೂ ಒಮ್ಮೆ ಒಡೆದು ನೋಡಿ. 2014ರಿಂದ 2020ರ ಅವಧಿಯಲ್ಲಿ ಯುರೋಪಿಯನ್ ಒಕ್ಕೂಟ ಜೀವವೈವಿಧ್ಯಕ್ಕೆ ಅಂತ ತೋರಿಸಿದ್ದು 8600 ಕೋಟಿ ಯೂರೊ. ಅದರಲ್ಲಿ 6600 ಕೋಟಿ ಕೃಷಿ ನೀತಿಯ ಹಣ. ಒಕ್ಕೂಟದ್ದೇ ಲೆಕ್ಕ ತಪಾಸಕರು 2020ರಲ್ಲಿ ಅದನ್ನು ಪರೀಕ್ಷಿಸಿದರು. ಕೃಷಿ ಭೂಮಿಯ ಜೀವವೈವಿಧ್ಯದ ಇಳಿಕೆ ನಿಂತಿಲ್ಲ, ಕೆಲವು ಖರ್ಚುಗಳಿಂದ ಆಗುವ ಲಾಭವನ್ನು ಇರುವುದಕ್ಕಿಂತ ಹೆಚ್ಚು ತೋರಿಸಲಾಗಿದೆ ಅಂತ ಬರೆದರು.

ಹೆಜ್ಜೆ 8: ಅಳೆಯುವವರು ಯಾರು, ಅಂಕಿ ಎಲ್ಲಿ

ಯೋಜನೆ ನಡೆಸಿದವರೇ ತಮಗೆ ತಾವೇ ಅಂಕ ಕೊಟ್ಟುಕೊಳ್ಳುವ ಪದ್ಧತಿ ಹಲವು ಕಡೆ ಇದೆ. ಸಿಬ್ಬಂದಿ ಇದ್ದಾರಾ, ಯೋಜನಾ ದಾಖಲೆ ಇದೆಯಾ, ಗಡಿ ಗುರುತಾಗಿದೆಯಾ ಅಂತ ಪ್ರಶ್ನಾವಳಿ ತುಂಬಿ ಶೇಕಡಾ ಅಂಕ ಹಾಕುವುದು. ಆಡಳಿತ ಹೇಗಿದೆ ಅಂತ ತಿಳಿಯಲು ಇದು ಒಳ್ಳೆಯದು. ಪ್ರಾಣಿ ಹೇಗಿದೆ ಅಂತ ತಿಳಿಯಲು ಸಾಲದು. ಎರಡನ್ನೂ ಬೆರೆಸಬೇಡಿ.

ಕ್ಷೇತ್ರದಲ್ಲಿ ಎಣಿಸುವುದಕ್ಕೆ ಕಾಡಿನ ಒಂದೊಂದು ಭಾಗ ಕಾಯುವ ಬೀಟ್ ಸಿಬ್ಬಂದಿಗಿಂತ ಬಲ್ಲವರಿಲ್ಲ. ಆದರೆ ಎಲ್ಲಿ, ಯಾವಾಗ, ಹೇಗೆ ಎಣಿಸಬೇಕು ಅನ್ನುವುದನ್ನೂ ಆಮೇಲಿನ ಲೆಕ್ಕವನ್ನೂ ಹೊರಗಿನವರು ನೋಡಿಕೊಳ್ಳಲಿ. ಸಂಖ್ಯೆ ಇಳಿದರೆ ಸಿಬ್ಬಂದಿಗೆ ನೋಟಿಸು ಬರುತ್ತದೆ ಅಂತಾದರೆ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ. ಕಾಗದದ ಮೇಲೆ, ಅಂತ ಬೇರೆ ಹೇಳಬೇಕಿಲ್ಲ.

ಯಾವ ಅಂಕಿ ಬಂದರೆ ಯೋಜನೆ ಮುಂದುವರಿಸುವುದು, ಯಾವ ಅಂಕಿ ಬಂದರೆ ವಿಧಾನ ಬದಲಿಸುವುದು, ಯಾವುದಕ್ಕೆ ನಿಲ್ಲಿಸುವುದು ಅನ್ನುವುದನ್ನು ಮೊದಲ ವರ್ಷವೇ ಬರೆದು ಸಹಿ ಹಾಕಿಸಿ. ಫಲಿತಾಂಶ ಬಂದ ಮೇಲೆ ಬರೆಯಲು ಕೂತರೆ ಎಲ್ಲ ಅಂಕಿಯೂ "ಆಶಾದಾಯಕ"ವಾಗಿಯೇ ಕಾಣುತ್ತದೆ.

ನೀವು ಹೊರಗಿನವರಾದರೆ, ಮಾಹಿತಿ ಹಕ್ಕು ಇರುವ ಕಡೆ ಕೇಳಬೇಕಾದ ಕಾಗದಗಳು ಇಷ್ಟೇ: ಮೂಲ ಯೋಜನಾ ದಾಖಲೆ, ಶುರುವಿನ ಅಳತೆ, ಕ್ಷೇತ್ರದ ನಮೂನೆಗಳು, ಗಸ್ತಿನ ಕಿಲೋಮೀಟರ್ ದಾಖಲೆ, ಲೆಕ್ಕ ತಪಾಸಣಾ ವರದಿ. ಪ್ರಾಣಿಗಳು ಇರುವ ನಿಖರ ಜಾಗವನ್ನು ಮಾತ್ರ ಕೇಳಬೇಡಿ, ಸಿಕ್ಕಿದರೂ ಪ್ರಕಟಿಸಬೇಡಿ. ಆ ನಕ್ಷೆಗಾಗಿ ಬೇಟೆಗಾರರೂ ಕಾಯುತ್ತಿರುತ್ತಾರೆ.